ಪಿಸಿಒಎಸ್ ಇದೆ, ಇನ್ಶೂರೆನ್ಸ್ ಇಲ್ಲ, ಸಂಬಳ 16,000. ಹೇಗೆ ನಿಭಾಯಿಸುತ್ತಿದ್ದೀರಿ?

ದಲ್ಲಾಳಿ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 27 ವರ್ಷ. ಮದುವೆ ಆಗಿಲ್ಲ. ದಾವಣಗೆರೆ ಕಡೆಯವಳು. ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ವ್ಯಾಪಾರ. ಸಂಬಳ 16,000. ಅಂಗಡಿಯಲ್ಲಿ ಸಂಬಳಕ್ಕೆ ಇರುವವರು ಐದೇ ಜನ. ಹತ್ತು ಜನ ಇದ್ದರೆ ಮಾತ್ರ ಇಎಸ್‌ಐ ಬರುತ್ತಂತೆ, ಹಾಗಾಗಿ ಅದೂ ಇಲ್ಲ. ಮೊದಲು ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ನಲ್ಲಿದ್ದೆ. ಆಗ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಇತ್ತು. ಅಪ್ಪನಿಗೆ ಹುಷಾರಿಲ್ಲ ಅಂತ ಎರಡು ವರ್ಷದ ಹಿಂದೆ ಊರಿಗೆ ಬಂದೆ, ಕೆಲಸದ ಜೊತೆ ಕಾರ್ಡೂ ಹೋಯಿತು.

ಹೈಸ್ಕೂಲಿನಿಂದಲೂ ನನಗೆ ಮುಟ್ಟು ಸರಿಯಾಗಿಲ್ಲ. ಒಮ್ಮೆ ಎರಡು ತಿಂಗಳಿಗೆ, ಒಮ್ಮೆ ಮೂರು ತಿಂಗಳಿಗೆ. ಈ ಸಲ ನಾಲ್ಕು ತಿಂಗಳು ದಾಟಿದೆ. ತೂಕ 58 ಇದ್ದದ್ದು 71 ಆಗಿದೆ. ಗದ್ದದಲ್ಲಿ ಕೂದಲು, ಹದಿನೈದು ದಿನಕ್ಕೊಮ್ಮೆ ಥ್ರೆಡಿಂಗ್ ಮಾಡಿಸಲೇಬೇಕು. ಕುತ್ತಿಗೆ ಹಿಂದೆ ಕಪ್ಪಾಗಿದೆ. ಅಮ್ಮ ಅದನ್ನು ಕೊಳೆ ಅಂದುಕೊಂಡು ಪ್ರತಿ ಭಾನುವಾರ ಕಡಲೆಹಿಟ್ಟು ಹಾಕಿ ಉಜ್ಜುತ್ತಾಳೆ. ಚರ್ಮ ಕೆಂಪಾಗುತ್ತೆ, ಕಪ್ಪು ಮಾತ್ರ ಹೋಗಲ್ಲ.

ಕಳೆದ ತಿಂಗಳು ಒಂದು ಪ್ರೈವೇಟ್ ಆಸ್ಪತ್ರೆಗೆ ಹೋದೆ. ಸ್ಕ್ಯಾನಿಂಗ್‌ಗೆ ನೀರು ಕುಡಿದು ಕೂತಿರಿ ಅಂದರು. ಒಂದೂವರೆ ಲೀಟರ್ ಕುಡಿದು ಸ್ಟೀಲ್ ಕುರ್ಚಿ ಮೇಲೆ ಕೂತೆ. ಎದುರಿಗೆ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡು. ಅಕ್ಕಪಕ್ಕ ಎಲ್ಲರೂ ಬಸುರಿಯರು. ಎಲ್ಲರ ಕಣ್ಣೂ ನನ್ನ ಕಾಲುಂಗುರ ಹುಡುಕುತ್ತಿತ್ತು. ಒಂದು ಗಂಟೆಯಾದರೂ ನನ್ನ ನಂಬರ್ ಬರಲಿಲ್ಲ. ತಡೆಯಲಾಗದೆ ಬಾತ್‌ರೂಮಿಗೆ ಹೋಗಿ ಬಂದೆ. ಅಷ್ಟರಲ್ಲಿ ಹೆಸರು ಕೂಗಿದರು! ಮತ್ತೆ ನೀರು, ಮತ್ತೆ ಒಂದು ಗಂಟೆ.

ರಿಪೋರ್ಟ್ ನೋಡಿ ಡಾಕ್ಟರ್ ಪಿಸಿಒಎಸ್ ಅಂದರು. ಪಿಸಿಒಡಿ ಅಂತಾರಲ್ಲ, ಅದೇ. ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಕಾಯಿಲೆ. ಎರಡು ನಿಮಿಷದಲ್ಲಿ ಮುಗಿಯಿತು. ತೂಕ ಇಳಿಸು, ಈ ಮಾತ್ರೆ ತಗೋ, ಮೂರು ತಿಂಗಳಿಗೆ ಇದೇ ಟೆಸ್ಟ್ ಎಲ್ಲಾ ಮಾಡಿಸಿಕೊಂಡು ಬಾ. ಅಂಡಾಶಯದಲ್ಲಿ "ನೀರುಗುಳ್ಳೆ" ಅಂತ ಕೇಳಿದ್ದೇ ತಡ, ಅಮ್ಮ ಹೊಟ್ಟೆಯಲ್ಲಿ ಗಡ್ಡೆ ಅಂದುಕೊಂಡು ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತಿದ್ದಾಳೆ.

ಲೆಕ್ಕ ಬರೆಯುವುದೇ ನನ್ನ ಕೆಲಸ, ಇದನ್ನೂ ಬರೆದಿಟ್ಟಿದ್ದೇನೆ. ಡಾಕ್ಟರ್ 500. ರಿಪೋರ್ಟ್ ತೋರಿಸಲು ಮತ್ತೆ 300. ಸ್ಕ್ಯಾನಿಂಗ್ 1,200. ರಕ್ತದ ಟೆಸ್ಟ್ 4,200. ಒಂದು ತಿಂಗಳ ಔಷಧಿ 1,650. ಒಟ್ಟು 7,850. ಅರ್ಧ ಸಂಬಳ ಹತ್ತಿರ ಹತ್ತಿರ.

ಈಗಲಾದರೂ ಒಂದು ಇನ್ಶೂರೆನ್ಸ್ ಮಾಡಿಸಿದರೆ ಈ ಖರ್ಚು ಸಿಗುತ್ತಾ? ಇದರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು? ಗೊತ್ತಿರುವವರು ಹೇಳಿ.

ಸತ್ಯವಾದಿ

ಇದೆಲ್ಲಾ ಡಾಕ್ಟರ್‌ಗಳು ದುಡ್ಡು ಮಾಡೋಕೆ ಹುಟ್ಟಿಸಿದ ಕಾಯಿಲೆ. ನಮ್ಮ ಅಜ್ಜಿ ಕಾಲದಲ್ಲಿ ಎಲ್ಲಿತ್ತು ಪಿಸಿಒಡಿ? ಸುಮ್ನೆ ಮದುವೆ ಮಾಡ್ಕೊಳ್ಳಿ ಮೇಡಂ. ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ.

ಸಿರಿಂಜ್_ಅಕ್ಕ

ಮೇಲಿನವರನ್ನು ಬಿಡಿ.

ತಂಗಿ, ನಾನು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ 4,200 ಎಲ್ಲಿ ಹೋಯಿತು ಅಂತ ಹೇಳಬಲ್ಲೆ. ಎಲ್‌ಎಚ್, ಎಫ್‌ಎಸ್‌ಎಚ್, ಎಎಂಎಚ್ ಅನ್ನುವ ಮುಟ್ಟು-ಅಂಡಾಶಯದ ಹಾರ್ಮೋನ್‌ಗಳು, ಫಾಸ್ಟಿಂಗ್ ಇನ್ಸುಲಿನ್, ಟೆಸ್ಟೋಸ್ಟಿರಾನ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಸಕ್ಕರೆ, ಕೊಲೆಸ್ಟ್ರಾಲ್. ಸರಿ ತಾನೆ? ಪ್ಯಾಕೇಜ್ ಅಂದರೆ ಹೀಗೇ ಇರುತ್ತೆ.

ಇದರಲ್ಲಿ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಒಮ್ಮೆ ನೋಡಲೇಬೇಕು. ಅವು ಕೆಟ್ಟರೂ ಮುಟ್ಟು ತಪ್ಪುತ್ತೆ, ಆಗ ಔಷಧಿಯೇ ಬೇರೆ. ಟೆಸ್ಟೋಸ್ಟಿರಾನ್ ಒಮ್ಮೆ ನೋಡುತ್ತಾರೆ. ಫಾಸ್ಟಿಂಗ್ ಇನ್ಸುಲಿನ್‌ನಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗಲ್ಲ. ಎಎಂಎಚ್ ಇದರಲ್ಲಿ ದುಬಾರಿ. ದೊಡ್ಡವರಲ್ಲಿ ಸ್ಕ್ಯಾನಿಂಗ್ ಬದಲು ಅದನ್ನು ನೋಡಬಹುದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ಬದಲು ಅಂದರೆ ಎರಡರಲ್ಲಿ ಒಂದು. ನಿಮಗೆ ಎರಡೂ ಮಾಡಿದ್ದಾರೆ. ನಿಜ ಹೇಳಬೇಕೆಂದರೆ ಮುಟ್ಟು ಸರಿಯಿಲ್ಲದೆ, ಗದ್ದದಲ್ಲಿ ಗಡುಸು ಕೂದಲೂ ಇದ್ದು, ಬೇರೆ ಕಾರಣ ಇಲ್ಲ ಅಂತ ಖಚಿತವಾದರೆ ಸ್ಕ್ಯಾನಿಂಗ್ ಇಲ್ಲದೆಯೇ ಪಿಸಿಒಎಸ್ ಅನ್ನಬಹುದು. ನೀವು ಅಷ್ಟು ನೀರು ಕುಡಿದದ್ದು ಪಾಪ.

ಅಮ್ಮನಿಗೆ ಹೇಳಿ, ಅದು ಗಡ್ಡೆ ಅಲ್ಲ. ಪ್ರತಿ ತಿಂಗಳು ಬೆಳೆದು ಹೊರಬರಬೇಕಾದ ಮೊಟ್ಟೆಯ ಸಣ್ಣ ಚೀಲಗಳು ಅರ್ಧಕ್ಕೇ ನಿಂತು ಸಾಲಾಗಿ ಕಾಣುತ್ತವೆ. ಒಂದು ಸೆಂಟಿಮೀಟರ್ ಕೂಡ ಇರಲ್ಲ. ಆಪರೇಷನ್ ಮಾಡಿ ತೆಗೆಯುವಂಥದ್ದಲ್ಲ.

ಹಾರ್ಮೋನ್ ಟೆಸ್ಟ್‌ಗಳನ್ನು ಮೂರು ತಿಂಗಳಿಗೊಮ್ಮೆ ಪೂರ್ತಿ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರಲ್ಲ. ಯಾವುದು ಯಾಕೆ ಅಂತ ಡಾಕ್ಟರ್‌ನ ಬಾಯಿಬಿಟ್ಟು ಕೇಳಿ. ನೀವು ನೋಡಬೇಕಾದದ್ದು ಸಕ್ಕರೆ. ಕುತ್ತಿಗೆ ಕಪ್ಪು ಅಂದಿರಲ್ಲ, ಅದು ಕೊಳೆ ಅಲ್ಲವೇ ಅಲ್ಲ. ದೇಹದಲ್ಲಿ ಇನ್ಸುಲಿನ್ ಜಾಸ್ತಿ ಓಡಾಡುತ್ತಿದ್ದರೆ ಹಾಗಾಗುತ್ತೆ. ಕಡಲೆಹಿಟ್ಟು ಬೋಂಡಕ್ಕೆ ಇಟ್ಟುಕೊಳ್ಳಿ. (ಬೋಂಡವೂ ಬೇಡ ಬಿಡಿ.) ರಿಪೋರ್ಟ್‌ನಲ್ಲಿ ಫಾಸ್ಟಿಂಗ್ ಶುಗರ್ ಎಷ್ಟಿದೆ ಹೇಳಿ.

ಮಾತ್ರೆ_ಅಂಗಡಿ

ಮೇಡಂ, ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಚೀಟಿಯಲ್ಲಿ ಏನು ಬರೆದಿದ್ದಾರೆ, ಒಂದೊಂದಕ್ಕೂ ಎಷ್ಟಾಯಿತು, ಅದನ್ನು ಹಾಕಿ. ಕಂಪನಿ ಹೆಸರು ಬೇಡ, ಒಳಗಿನ ಔಷಧಿಯ ಹೆಸರು ಸಾಕು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತೆ.

ದಲ್ಲಾಳಿ_ಲೆಕ್ಕ

ಅಕ್ಕಾ, ಫಾಸ್ಟಿಂಗ್ 104 ಇದೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಎಚ್ ಅಂತ ಇದೆ. ಇದರ ಬಗ್ಗೆ ಯಾರೂ ಏನೂ ಹೇಳಲಿಲ್ಲ, ನಾನೂ ಈಗಲೇ ನೋಡಿದ್ದು.

ಸರ್, ಚೀಟಿ ಹೀಗಿದೆ. ಇನೊಸಿಟಾಲ್ ಪುಡಿ, ದಿನಕ್ಕೊಂದು ಪೊಟ್ಟಣ, 1,080. ಕೂದಲು ಉದುರುವುದಕ್ಕೆ ಬಯೋಟಿನ್ ಇರುವ ವಿಟಮಿನ್ ಮಾತ್ರೆ, 390. ಶುಗರ್‌ಗೂ ಕೊಡುವ ಮೆಟ್‌ಫಾರ್ಮಿನ್ 500, ದಿನಕ್ಕೆರಡು, 120. ಮೆಡ್ರಾಕ್ಸಿಪ್ರೊಜೆಸ್ಟಿರಾನ್ 10 ಅಂತ ಹತ್ತು ಮಾತ್ರೆ, ಮುಟ್ಟಾಗಲು, 60.

ಇನ್ನೊಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೆಟ್‌ಫಾರ್ಮಿನ್ ಆರೇ ದಿನಕ್ಕೆ ಬಿಟ್ಟೆ. ಬೇಧಿ. ನಮ್ಮ ಕಡೆ ಎಂಟು ಅಂಗಡಿಗೆ ಸೇರಿ ಹೆಂಗಸರಿಗೆ ಇರುವುದು ಒಂದು ಟಾಯ್ಲೆಟ್, ಅದರ ಕೀಲಿ ಮೂರನೇ ಅಂಗಡಿಯ ಸಾಹುಕಾರರ ಹತ್ತಿರ. ದಿನಕ್ಕೆ ನಾಲ್ಕು ಸಲ ಹೋಗಿ ಕೀಲಿ ಕೇಳುವುದು ಹೇಗೆ? ಆ ಮುಟ್ಟಿನ ಮಾತ್ರೆ ಮುಟ್ಟಿಯೂ ಇಲ್ಲ. ಹಾರ್ಮೋನ್ ಮಾತ್ರೆ ತಿಂದರೆ ಮುಂದೆ ಮಕ್ಕಳಾಗಲ್ಲ ಅಂತ ಪಕ್ಕದ ಮನೆ ಆಂಟಿ ಹೆದರಿಸಿದ್ದಾರೆ. ಪುಡಿ ಮತ್ತು ಕೂದಲಿನ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ದುಡ್ಡು ಕೊಟ್ಟಿದ್ದೇನಲ್ಲ ಅಂತ.

ಸತ್ಯವಾದಿ ಅವರಿಗೆ: ಸರ್, ಗಂಡ ಅಂದರೆ ತಿಂಗಳಿಗೆ ಎಷ್ಟು ಬೀಳಬಹುದು? 1,650ರ ಒಳಗೆ ಮುಗಿಯುತ್ತಾ?

ಮಾತ್ರೆ_ಅಂಗಡಿ

ಮೇಡಂ, ನಿಮ್ಮ ಲೆಕ್ಕವನ್ನೇ ಎರಡು ಭಾಗ ಮಾಡಿ ನೋಡಿ. ಮೆಟ್‌ಫಾರ್ಮಿನ್ ಮತ್ತು ಮುಟ್ಟಿನ ಮಾತ್ರೆ ಸೇರಿ 180 ರೂಪಾಯಿ. ಪುಡಿ ಮತ್ತು ವಿಟಮಿನ್ ಸೇರಿ 1,470. ಈ ಕಾಯಿಲೆಗೆ ಬಹಳ ವರ್ಷದಿಂದ ಬಳಸಿ ನೋಡಿದ ಔಷಧಿ ಇರುವುದು ಆ 180ರಲ್ಲಿ. ನೀವು ಅದನ್ನೇ ಬಿಟ್ಟು 1,470 ತಿನ್ನುತ್ತಿದ್ದೀರಿ! ನನ್ನ ಅಂಗಡಿಗೆ ಬರುವವರಲ್ಲೂ ಅರ್ಧ ಜನ ಹೀಗೇ ಮಾಡುತ್ತಾರೆ. ಬೆಲೆ ಜಾಸ್ತಿ ಇದ್ದರೆ ಗುಣವೂ ಜಾಸ್ತಿ ಅನ್ನುವ ನಂಬಿಕೆ. ಪುಡಿ ಮಾರಿದರೆ ನನಗೂ ಲಾಭ ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ.

ಇನೊಸಿಟಾಲ್ ಕೆಟ್ಟದ್ದೇನಲ್ಲ. ಕೆಲವರಿಗೆ ಸ್ವಲ್ಪ ಗುಣ ಕಂಡಿದೆ. ಆದರೆ ಅದರ ಬಗ್ಗೆ ಗಟ್ಟಿ ಪುರಾವೆ ಕಡಿಮೆ ಅಂತಲೇ ಮೇಲೆ ಹೇಳಿದ ಮಾರ್ಗಸೂಚಿಯಲ್ಲೂ ಇದೆ. ದುಡ್ಡು ಇದ್ದವರು ತಗೊಳ್ಳಲಿ. 16,000 ಸಂಬಳದವರು ಮೊದಲು ಬಿಡಬೇಕಾದದ್ದು ಇದನ್ನೇ. ಡಾಕ್ಟರ್‌ಗೆ ನೇರವಾಗಿ ಹೇಳಿ, ಇಷ್ಟು ಖರ್ಚು ಆಗಲ್ಲ, ಇದರಲ್ಲಿ ಯಾವುದು ಮುಖ್ಯ ಅಂತ. ಬೈಯಲ್ಲ.

ಮೆಟ್‌ಫಾರ್ಮಿನ್ ಬೇಧಿ ಬಗ್ಗೆ. ಮೊದಲ ದಿನದಿಂದಲೇ ಎರಡು ಮಾತ್ರೆ, ಅದೂ ಖಾಲಿ ಹೊಟ್ಟೆಯಲ್ಲಿ, ಹೌದಾ? ಬಹಳ ಜನಕ್ಕೆ ಹೊಟ್ಟೆ ಕೆಡುವುದು ಹೀಗೇ. ಒಂದರಿಂದ ಶುರು ಮಾಡಬೇಕು. ರಾತ್ರಿ ಊಟದ ಮಧ್ಯದಲ್ಲೋ ಊಟ ಆದ ತಕ್ಷಣವೋ ತಗೊಳ್ಳಬೇಕು. ಒಂದೆರಡು ವಾರ ಹೊಟ್ಟೆ ಒಗ್ಗಿದ ಮೇಲೆ ಎರಡು. ಎಸ್‌ಆರ್ ಅಂತ ಬರೆದಿರುವ ಮಾತ್ರೆ ನಿಧಾನಕ್ಕೆ ಕರಗುತ್ತೆ, ಹೊಟ್ಟೆಗೆ ಸಲೀಸು. ಡಾಕ್ಟರ್ ಹತ್ತಿರ ಅದನ್ನೇ ಬರೆಸಿಕೊಳ್ಳಿ. ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆ ಆಗಬಹುದು, ಅದೊಂದನ್ನು ಆಗಾಗ ನೋಡಿಸಿಕೊಳ್ಳಬೇಕು. ಕಿಡ್ನಿ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು.

ಜನೌಷಧಿ ಕೇಂದ್ರದಲ್ಲಿ ಇದೇ ಮೆಟ್‌ಫಾರ್ಮಿನ್ ಇನ್ನೂ ಅಗ್ಗ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದರೆ ಬಿಟ್ಟಿ, ಸ್ಟಾಕ್ ಇದ್ದ ದಿನ. ಚೀಟಿ ಇಲ್ಲದೆ ಮಾತ್ರ ತಗೊಳ್ಳಲು ಹೋಗಬೇಡಿ, ನನ್ನಂಥವರು ಕೊಟ್ಟರೂ.

ಮೈಸೂರಿನವಳು_83

ಪುಟ್ಟಿ, ಆ 60 ರೂಪಾಯಿಯ ಮಾತ್ರೆ ವಿಷಯಕ್ಕೆ ಬರೆಯಲೇಬೇಕು ಅನ್ನಿಸಿತು.

ನನಗೂ ಇದೇ ಕಾಯಿಲೆ. ನನಗೆ 33 ಇದ್ದಾಗ ಏಳು ತಿಂಗಳು ಮುಟ್ಟೇ ಆಗಲಿಲ್ಲ. ಒಳ್ಳೇದೇ ಆಯಿತು, ರಗಳೆ ಇಲ್ಲ ಅಂದುಕೊಂಡೆ. ಆಮೇಲೆ ಶುರುವಾದದ್ದು 23 ದಿನ ನಿಲ್ಲಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಕುಕ್ಕರ್ ಇಳಿಸುತ್ತಾ ಹಾಗೇ ಕುಸಿದೆ. ಹಿಮೋಗ್ಲೋಬಿನ್ 6.8. ಎರಡು ಬಾಟಲಿ ರಕ್ತ ಹಾಕಿ, ಗರ್ಭಕೋಶ ಸ್ವಚ್ಛ ಮಾಡಿ, ತೆಗೆದದ್ದನ್ನು ಟೆಸ್ಟಿಗೆ ಕಳಿಸಿದರು. ಒಳಪದರ ಬೆಳೆದು ದಪ್ಪವಾಗಿತ್ತು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಆ ಕಡೆಗೆ ತಿರುಗಬಹುದು ಅಂದರು. ರಿಪೋರ್ಟ್ ಬರುವ ತನಕ ಹತ್ತು ದಿನ ನಾನು ಉಂಡದ್ದು ನೆನಪಿಲ್ಲ. ನರ್ಸಿಂಗ್ ಹೋಮ್ ಬಿಲ್ಲು 38,000. ನಮಗೂ ಇನ್ಶೂರೆನ್ಸ್ ಇರಲಿಲ್ಲ. ಮದುವೆಯಲ್ಲಿ ಕೊಟ್ಟ ಬಳೆ ಇಟ್ಟು ಕಟ್ಟಿದ್ದು.

ಪಿಸಿಒಎಸ್‌ನಲ್ಲಿ ಮುಟ್ಟು ನಿಂತರೂ ಒಳಗಿನ ಪದರ ಬೆಳೆಯುತ್ತಲೇ ಇರುತ್ತೆ, ಉದುರಲ್ಲ. ಅದಕ್ಕೇ ಮೂರು ತಿಂಗಳು ದಾಟಿದರೆ ಮಾತ್ರೆ ಕೊಟ್ಟು ಉದುರಿಸುತ್ತಾರೆ. ಮಕ್ಕಳಾಗಲ್ಲ ಅನ್ನುವುದು ಶುದ್ಧ ಸುಳ್ಳು. ಬಸುರಿ ಅಲ್ಲ ಅಂತ ಮೊದಲು ಮೂತ್ರದ ಟೆಸ್ಟ್ ಮಾಡುತ್ತಾರೆ, ಮದುವೆ ಆಗಿಲ್ಲ ಅಂದರೂ ಮಾಡುತ್ತಾರೆ. ಅವಮಾನ ಅಂದುಕೊಳ್ಳಬೇಡ, ಅದು ಅವರ ಕ್ರಮ. ಹೇಳಿದಷ್ಟು ದಿನ ಮಾತ್ರೆ ತಗೊಂಡು ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಆಗುತ್ತೆ.

ಆಮೇಲೆ ನಾನು ಇಲ್ಲಿಯ ಸರ್ಕಾರಿ ಚೆಲುವಾಂಬ ಆಸ್ಪತ್ರೆಗೆ ತೋರಿಸಿದೆ. ಅಲ್ಲಿಯ ಡಾಕ್ಟರಮ್ಮ ಬಿಪಿ ನೋಡಿ, ಒಂದು ಪಕ್ಕ ತಲೆನೋವು ಬರುತ್ತಾ, ತಲೆನೋವಿಗೆ ಮುಂಚೆ ಕಣ್ಣು ಮುಂದೆ ಮಿಂಚು ಬರುತ್ತಾ, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತ ಎಲ್ಲಾ ಕೇಳಿ ಮಾಲಾ-ಎನ್ ಕೊಟ್ಟರು. ಸರ್ಕಾರದ ಗರ್ಭನಿರೋಧಕ ಮಾತ್ರೆ. 21 ಹಾರ್ಮೋನ್ ಮಾತ್ರೆ, 7 ಕಬ್ಬಿಣದ ಮಾತ್ರೆ. ಪ್ರೈವೇಟ್‌ನಲ್ಲಿ ಬರೆಯುವ ದುಬಾರಿ ಮಾತ್ರೆ ಮಾಡುವ ಕೆಲಸವನ್ನೇ ಇದೂ ಮಾಡುತ್ತೆ, ಮುಟ್ಟು ತಿಂಗಳಿಗೆ ಸರಿಯಾಗಿ ತರುತ್ತೆ. ಆ ಪ್ರಶ್ನೆಗಳಿಗೆ ಹೌದು ಅನ್ನುವವರಿಗೆ ಈ ಮಾತ್ರೆ ಆಗದೆ ಇರಬಹುದು. ಅದಕ್ಕೇ ಯಾರೋ ಗೆಳತಿ ತಗೊಂಡಳು ಅಂತ ನೀನೂ ನುಂಗಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತೆ, ಆಶಾ ಕಾರ್ಯಕರ್ತೆ ಹತ್ತಿರವೂ ಇರುತ್ತೆ. ಮದುವೆ ಆಗದವಳು ಊರಿನಲ್ಲಿ ಆಶಾ ಹತ್ತಿರ ಹೋಗಿ ಮಾಲಾ ಕೇಳುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆಸ್ಪತ್ರೆಯಲ್ಲೇ ಇಸ್ಕೋ.

ಎರಡು ವರ್ಷ ಅದು, ಆಮೇಲೆ ಅದನ್ನು ನಿಲ್ಲಿಸಿ ಮೆಟ್‌ಫಾರ್ಮಿನ್. ಆಗ ಒಂದು ತಮಾಷೆ ಆಯಿತು. ಮುಟ್ಟು ತಪ್ಪಿತು, ಮಾಮೂಲಿ ಅಂದುಕೊಂಡು ಸುಮ್ಮನಿದ್ದೆ. ಮೂರನೇ ತಿಂಗಳಿಗೆ ಗೊತ್ತಾಯಿತು ಬಸುರಿ ಅಂತ! ಮಗಳಿಗೆ ಈಗ ಆರು. ಹಾಗಾಗಿ ಈ ಕಾಯಿಲೆ ಇದ್ದರೆ ಮಕ್ಕಳಾಗಲ್ಲ ಅನ್ನುವವರ ಮಾತೂ ಕೇಳಬೇಡ, ಮಗು ಆದರೆ ಹೋಗುತ್ತೆ ಅನ್ನುವವರ ಮಾತೂ ಕೇಳಬೇಡ. ನನಗೆ ಮಗಳೂ ಇದ್ದಾಳೆ, ಕಾಯಿಲೆಯೂ ಇದೆ.

ಊಟದ ಬಗ್ಗೆ ಒಂದೇ ಮಾತು. ರಾಗಿ ಒಳ್ಳೇದು ಅಂತ ನಾನು ಒಂದು ವರ್ಷ ಎರಡೆರಡು ಮುದ್ದೆ ನುಂಗಿದೆ. ತೂಕ ಜಾಸ್ತಿ ಆಯಿತು. ಈಗ ನಿಂಬೆಗಾತ್ರ ಅಲ್ಲದಿದ್ದರೂ ಕಿತ್ತಳೆಗಾತ್ರದ್ದು ಒಂದು, ಜೊತೆಗೆ ಎರಡು ಸೌಟು ಬಸ್ಸಾರಿನ ಕಾಳು-ಸೊಪ್ಪು. ಅಷ್ಟೇ ನನ್ನ ಡಯಟ್ಟು.

ಮಾಜಿ_ಏಜೆಂಟ್

ಇನ್ಶೂರೆನ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ. ಒಂಬತ್ತು ವರ್ಷ ಮಾರಿದ್ದೇನೆ, ಈಗ ಬಿಟ್ಟಿದ್ದೇನೆ, ಹಾಗಾಗಿ ನಿಜ ಹೇಳಬಹುದು.

ನಿಮ್ಮ ಹತ್ತಿರ ಒಳ್ಳೆಯ ಪಾಲಿಸಿ ಇದ್ದಿದ್ದರೂ ಆ 7,850ರಲ್ಲಿ ಬಹುಶಃ ಒಂದು ರೂಪಾಯಿಯೂ ವಾಪಸ್ ಬರುತ್ತಿರಲಿಲ್ಲ. ಮಾಮೂಲಿ ಆರೋಗ್ಯ ವಿಮೆ ದುಡ್ಡು ಕೊಡುವುದು ಆಸ್ಪತ್ರೆಗೆ ಅಡ್ಮಿಟ್ ಆದರೆ. ಡಾಕ್ಟರ್ ಫೀಸು, ಹೊರಗಿನಿಂದ ಮಾಡಿಸಿದ ಟೆಸ್ಟು, ತಿಂಗಳ ಮಾತ್ರೆ, ಇವಕ್ಕೆ ಬೇರೆ ಒಪಿಡಿ ಕವರ್ ಇರಬೇಕು. ಅದರ ಪ್ರೀಮಿಯಂ ಕಟ್ಟುವ ದುಡ್ಡಲ್ಲಿ ಮಾತ್ರೆಯೇ ಬರುತ್ತೆ. ಬೆಂಗಳೂರಿನ ಕಾರ್ಡ್ ಹೋಯಿತು ಅಂತ ತೀರಾ ಕೊರಗಬೇಡಿ.

ಹಾಗಂತ ಪಾಲಿಸಿ ಬೇಡ ಅಂತಲ್ಲ. ಮೈಸೂರು ಮೇಡಂಗೆ ಆದಂಥದ್ದಕ್ಕೆ ಬೇಕು. ಮಾಡಿಸುವಾಗ ಪಿಸಿಒಎಸ್ ಇದೆ ಅಂತ ಅರ್ಜಿಯಲ್ಲಿ ಬರೆಯಿರಿ. ಏಜೆಂಟ್ ಬೇಡ ಅಂದರೂ ಬರೆಯಿರಿ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಮೊದಲು ನಾಲ್ಕು ವರ್ಷದವರೆಗೂ ಇರುತ್ತಿತ್ತು, 2024ರಿಂದ ಮೂರು ವರ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ಮುಚ್ಚಿಟ್ಟರೆ ಕ್ಲೇಮ್ ಬಂದಾಗ ಅದನ್ನೇ ಹಿಡಿದುಕೊಳ್ಳುತ್ತಾರೆ.

ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಇದೂ ದೊಡ್ಡ ಚಿಕಿತ್ಸೆಗೆ, ತಿಂಗಳ ಮಾತ್ರೆಗಲ್ಲ. ಆದರೂ ಅಪ್ಪನ ಹೆಸರಿನ ಜೊತೆ ನಿಮ್ಮದೂ ಕಾರ್ಡ್ ಮಾಡಿಸಿಟ್ಟುಕೊಳ್ಳಿ.

ದೂರದಿಂದ

ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ, ಮೂಲ ತುಮಕೂರು. ಇಲ್ಲೂ ಇದೇ ಕಥೆ ಅಂದರೆ ನಂಬುತ್ತೀರಾ? ನಮ್ಮೆಜಮಾನರ ಕೆಲಸ ಹೋಯಿತು, ಜೊತೆಗೆ ಇನ್ಶೂರೆನ್ಸೂ ಹೋಯಿತು. ನಾನು ಡಿಪೆಂಡೆಂಟ್ ವೀಸಾ. 60 ದಿನದಲ್ಲಿ ಬೇರೆ ಕೆಲಸ ಹುಡುಕದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು. ಹಳೇ ಇನ್ಶೂರೆನ್ಸ್ ನಾವೇ ಕಟ್ಟಿ ಮುಂದುವರಿಸೋಣ ಅಂದರೆ ಆ ಮೊತ್ತ ಮನೆ ಬಾಡಿಗೆಯ ಹತ್ತಿರ ಬಂತು.

ಆಗ ಇಲ್ಲಿಯ ಒಬ್ಬ ಮೆಕ್ಸಿಕನ್ ಅಕ್ಕ ಕಮ್ಯುನಿಟಿ ಹೆಲ್ತ್ ಸೆಂಟರ್‌ಗೆ ಕರೆದುಕೊಂಡು ಹೋದರು. ಆದಾಯ ನೋಡಿ ಫೀಸು ಹಾಕುತ್ತಾರೆ, ಇನ್ಶೂರೆನ್ಸ್ ಇಲ್ಲ ಅಂತ ವಾಪಸ್ ಕಳಿಸಲ್ಲ. ಮೆಟ್‌ಫಾರ್ಮಿನ್ ವಾಲ್‌ಮಾರ್ಟ್‌ನ 4 ಡಾಲರ್ ಪಟ್ಟಿಯಲ್ಲಿ ಸಿಕ್ಕಿತು, ತಿಂಗಳಿಗೆ. ಅಷ್ಟು ದಿನ ನಾನೂ ಆನ್‌ಲೈನ್‌ನಲ್ಲಿ 40 ಡಾಲರ್ ಪುಡಿ ತರಿಸುತ್ತಿದ್ದೆ. ಊರಿಗೆ ಬಂದಾಗ ಎಲ್ಲಾ ಟೆಸ್ಟ್ ಮಾಡಿಸಿದರಾಯಿತು ಅಂತ ವರ್ಷಗಟ್ಟಲೆ ಮುಂದೂಡಿದ್ದು ನನ್ನ ತಪ್ಪು. ಸಕ್ಕರೆ ಗಡಿ ದಾಟಿತ್ತು.

ಸಿರಿಂಜ್_ಅಕ್ಕ

104 ಅಂದರೆ ಶುಗರ್ ಕಾಯಿಲೆ ಅಲ್ಲ. 100ರಿಂದ 125 ಗಡಿಯಲ್ಲಿ ನಿಂತ ಹಾಗೆ. ಮುಂದೆ ಮಾಡಿಸಬೇಕಾದದ್ದು ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟ್, ಒಂದೇ. ರಾತ್ರಿ ಊಟ ಆದ ಮೇಲೆ ಏನೂ ತಿನ್ನದೆ ಬೆಳಿಗ್ಗೆ ಹೋಗಬೇಕು. ಒಮ್ಮೆ ರಕ್ತ, ಆಮೇಲೆ 75 ಗ್ರಾಂ ಗ್ಲೂಕೋಸ್ ನೀರು, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ. ಆ ಎರಡು ಗಂಟೆ ಓಡಾಡಬಾರದು, ಕಾಫಿ-ಟೀ ಕುಡಿಯಬಾರದು. ಮಧ್ಯೆ ಹೊರಗೆ ಹೋಗಿ ಮಸಾಲೆ ದೋಸೆ ತಿಂದು ಬಂದವರನ್ನು ನಾನೇ ನೋಡಿದ್ದೇನೆ. ಎರಡನೇದು 140ರ ಒಳಗಿದ್ದರೆ ನಿಶ್ಚಿಂತೆ. 200 ದಾಟಿದರೆ ಶುಗರ್. ಮಧ್ಯದ್ದು ಎಚ್ಚರಿಕೆ. ಇದು ಪ್ರೈವೇಟ್‌ನಲ್ಲೂ ದುಬಾರಿ ಅಲ್ಲ.

ಆ ಕೂದಲಿನ ಮಾತ್ರೆ ಬಗ್ಗೆಯೂ ಒಂದು ಮಾತು. ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಮಷೀನ್‌ಗಳಲ್ಲಿ ಥೈರಾಯ್ಡ್ ರಿಪೋರ್ಟ್ ತಪ್ಪು ಬರುತ್ತೆ. ಟೆಸ್ಟ್‌ಗೆ ಎರಡು ದಿನ ಮುಂಚೆಯೇ ನಿಲ್ಲಿಸಬೇಕು. ನೀವು ಟೆಸ್ಟ್ ಆದ ಮೇಲೆ ಶುರು ಮಾಡಿದ್ದು, ಹಾಗಾಗಿ ಪರವಾಗಿಲ್ಲ.

ದಲ್ಲಾಳಿ_ಲೆಕ್ಕ

ಮೂರೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಡುವೆ ಸುಗ್ಗಿ, ಅಂಗಡಿಯಲ್ಲಿ ತಲೆ ಎತ್ತಲು ಬಿಡುವಿರಲಿಲ್ಲ. ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿದ್ದರು.

ಸರ್ಕಾರಿ ಆಸ್ಪತ್ರೆಗೆ ಹೋದೆ. ಹಳೇ ರಿಪೋರ್ಟ್ ಎಲ್ಲಾ ಒಂದು ಫೈಲಿಗೆ ಹಾಕಿ, ಮೇಲೆ ಒಂದು ಹಾಳೆಯಲ್ಲಿ ಕಳೆದ ಎರಡು ವರ್ಷದ ಮುಟ್ಟಿನ ತಾರೀಖು ಬರೆದುಕೊಂಡಿದ್ದೆ. ನಮ್ಮ ಖಾತೆ ಪುಸ್ತಕದ ಹಾಗೆ ಗೆರೆ ಹಾಕಿ. ಡಾಕ್ಟರ್ ಅದೊಂದು ಹಾಳೆಯನ್ನೇ ಬಹಳ ಹೊತ್ತು ನೋಡಿದರು. ಸ್ಕ್ಯಾನಿಂಗ್ ಮತ್ತೆ ಬೇಡ ಅಂದರು. ಮೂತ್ರದ ಟೆಸ್ಟ್ ಮಾಡಿಸು ಅಂದಾಗ ಅಮ್ಮ ಪಕ್ಕದಲ್ಲೇ ಇದ್ದಳು, ಮುಖ ಕೆಂಪಗಾಯಿತು. ಅವಳದ್ದು, ನನ್ನದಲ್ಲ. ಮೈಸೂರಕ್ಕ ಮೊದಲೇ ಹೇಳಿದ್ದರಿಂದ ನಾನು ಆರಾಮಾಗಿ ಡಬ್ಬಿ ಇಸ್ಕೊಂಡು ಹೋದೆ.

ಆ 60 ರೂಪಾಯಿಯ ಮಾತ್ರೆಯನ್ನೇ ತಗೊ ಅಂದರು. ಹತ್ತು ದಿನ ತಗೊಂಡೆ. ನಿಲ್ಲಿಸಿದ ನಾಲ್ಕನೇ ದಿನ, ಅಂಗಡಿಯಲ್ಲಿ ಟೆಂಡರ್ ಚೀಟಿ ಬರೆಯುತ್ತಿದ್ದಾಗ ಆಯಿತು. ಜೋರಾಗೇ ಆಯಿತು. ಕೀಲಿ ಕೇಳಲು ಎದ್ದೆ. ಆ ದಿನ ಸಾಹುಕಾರರ ಹತ್ತಿರ ಹೋಗಿ, ಇನ್ನೊಂದು ಕೀಲಿ ಮಾಡಿಸಿ ನನಗೆ ಕೊಟ್ಟುಬಿಡಿ ಅಂದೆ. ಯಾಕೆ ಏನು ಅಂತ ಕೇಳದೆ ಮಾಡಿಸಿ ಕೊಟ್ಟರು. 40 ರೂಪಾಯಿ. ಎರಡು ವರ್ಷ ಇದನ್ನು ಯಾಕೆ ಕೇಳಲಿಲ್ಲವೋ.

ಗ್ಲೂಕೋಸ್ ಟೆಸ್ಟ್ ಎರಡನೇದು 152. ಎಚ್ಚರಿಕೆಯ ಕಡೆ. ಮೆಟ್‌ಫಾರ್ಮಿನ್ ಎಸ್‌ಆರ್ ಬರೆದುಕೊಟ್ಟರು. ರಾತ್ರಿ ಊಟದ ಜೊತೆ ಒಂದರಿಂದ ಶುರು, ಮೂರನೇ ವಾರದಿಂದ ಎರಡು. ಮೊದಲ ವಾರ ಹೊಟ್ಟೆ ಗುಡುಗುಡು ಅಂತಿತ್ತು, ಬೇಧಿ ಆಗಲಿಲ್ಲ. ಒಮ್ಮೆ ಆಸ್ಪತ್ರೆಯಲ್ಲಿ ಬಿಟ್ಟಿ ಸಿಕ್ಕಿತು, ಉಳಿದದ್ದು ಜನೌಷಧಿಯಲ್ಲಿ ತಂದೆ. ಪುಡಿ ಮತ್ತು ಕೂದಲಿನ ಮಾತ್ರೆ ನಿಲ್ಲಿಸಿದೆ, ಡಾಕ್ಟರ್‌ನ ಕೇಳಿಯೇ. ಮಾಲಾ-ಎನ್ ಸದ್ಯಕ್ಕೆ ಬೇಡ, ನೋಡೋಣ ಅಂದಿದ್ದಾರೆ.

ಅಂಗಡಿಯಲ್ಲಿ ದಿನಕ್ಕೆ ಎಷ್ಟು ಟೀ ಕುಡಿಯುತ್ತೇನೆ ಅಂತ ಒಂದು ವಾರ ಗೀಟು ಹಾಕಿದೆ. ಆರು! ವ್ಯಾಪಾರಿ ಬಂದಾಗೆಲ್ಲಾ ಎಲ್ಲರಿಗೂ ಬರುತ್ತೆ, ಸಕ್ಕರೆ ಪಾಕದ ಹಾಗಿರುತ್ತೆ. ಈಗ ಬೆಳಿಗ್ಗೆ ಒಂದು, ಸಂಜೆ ಒಂದು. ಸಂಜೆ ಮಂಡಕ್ಕಿ ಇದೆ, ಮಿರ್ಚಿ ವಾರಕ್ಕೊಂದು. ದಾವಣಗೆರೆಯಲ್ಲಿದ್ದು ಇದಕ್ಕಿಂತ ಜಾಸ್ತಿ ತ್ಯಾಗ ನನ್ನಿಂದ ಆಗಲ್ಲ.

ನಡಿಗೆಗೆ ಎಪಿಎಂಸಿ ಯಾರ್ಡೇ. ಬೆಳಿಗ್ಗೆ ಆರಕ್ಕೆ ಲಾರಿ ಇರಲ್ಲ. ಒಣಗಲು ಹರಡಿದ ಮೆಕ್ಕೆಜೋಳದ ನಡುವೆ ದಾರಿ ಬಿಟ್ಟಿರುತ್ತಾರೆ, ಹಳದಿ ಗದ್ದೆಯ ಬದುವಿನ ಮೇಲೆ ನಡೆದ ಹಾಗಿರುತ್ತೆ. ಧೂಳಿಗೆ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ನಾಲ್ಕು ಸುತ್ತು. ಕಾವಲಿನ ಅಜ್ಜ ಮೊದಲ ವಾರ "ಯಾರನ್ನ ಹುಡುಕ್ತೀಯವ್ವಾ" ಅಂತ ಕೇಳುತ್ತಿದ್ದ. ಈಗ ಹೋಗದ ದಿನ, ಯಾಕೆ ಬರಲಿಲ್ಲ ಅಂತ ಕೇಳುತ್ತಾನೆ.

ತೂಕ 68.5. ಕಳೆದ ವಾರ ಮಾತ್ರೆ ಇಲ್ಲದೆ ತಾನಾಗಿಯೇ ಮುಟ್ಟಾಯಿತು, 47 ದಿನಕ್ಕೆ. ಗದ್ದದ ಕೂದಲು ಇದ್ದಲ್ಲೇ ಇದೆ. ಅದು ಹೋಗುವುದು ನಿಧಾನ, ಪೂರ್ತಿ ಹೋಗದೆಯೂ ಇರಬಹುದು ಅಂದರು ಡಾಕ್ಟರ್. ಅದಕ್ಕೆ ತಿಂಗಳಿಗೆ ಎರಡು ಥ್ರೆಡಿಂಗ್, 80 ರೂಪಾಯಿ, ಖಾಯಂ ಖರ್ಚು ಅಂತ ಬರೆದುಕೊಂಡಿದ್ದೇನೆ. ಕುತ್ತಿಗೆ ಇನ್ನೂ ಕಪ್ಪಿದೆ, ಅಮ್ಮ ಉಜ್ಜುವುದು ಬಿಟ್ಟಿದ್ದಾಳೆ.

ಹೊಸ ಲೆಕ್ಕ, ಮೂರೂವರೆ ತಿಂಗಳದ್ದು. ಆಸ್ಪತ್ರೆ ಚೀಟಿ ಮೂರು ಸಲ, 60. ಗ್ಲೂಕೋಸ್ ಟೆಸ್ಟ್ ಹೊರಗಡೆ, 180. ಮೆಟ್‌ಫಾರ್ಮಿನ್ 140. ಕೀಲಿ 40. ಒಟ್ಟು 420.

ಮುಟ್ಟಾದ ಮಾರನೇ ವಾರವೇ ಅಮ್ಮ ಹರಕೆ ತೀರಿಸಲು ಉಕ್ಕಡಗಾತ್ರಿಗೆ ಹೊರಟಳು. ಅಜ್ಜಯ್ಯನೇ ಸರಿ ಮಾಡಿದ್ದು ಅಂತ ಅವಳ ವಾದ, ನಾನು ಜಗಳಕ್ಕೆ ಹೋಗಲಿಲ್ಲ. ಹಣ್ಣು-ಕಾಯಿ, ಕರ್ಪೂರ 120. ಅದನ್ನು ಔಷಧಿ ಖಾತೆಗೆ ಹಾಕಬೇಕಾ, ಮನೆ ಖರ್ಚಿಗೆ ಹಾಕಬೇಕಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಬಸ್ ಚಾರ್ಜ್ ಇಬ್ಬರಿಗೂ ಸೇರಿ 0.